ರೆಫರಿ ಕುರ್ಚಿಯಲ್ಲಿ ಕೂರುವ ಮುನ್ನ: ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ತೀರ್ಪುಗಾರಿಕೆಯ ಸಮಗ್ರ ಮಾರ್ಗದರ್ಶಿ

ಪವರ್‌ಲಿಫ್ಟಿಂಗ್‌ನಲ್ಲಿ ಭಾರ ಎದ್ದ ಮಾತ್ರಕ್ಕೆ ಲಿಫ್ಟ್ ಆಯಿತು ಎಂದಲ್ಲ. ಈ ಆಟದಲ್ಲಿ ಮೂರು ಲಿಫ್ಟ್: ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವ ಸ್ಕ್ವಾಟ್, ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. 250 ಕಿಲೋ ಹೊತ್ತು ಕೂತು, ಹಲ್ಲುಕಚ್ಚಿ ಎದ್ದು ನಿಂತ ಲಿಫ್ಟರ್‌ಗೆ ಮೂವರು ರೆಫರಿಗಳೂ ಒಪ್ಪದೆ ಮೂರು ಕೆಂಪು ದೀಪ ಬಿದ್ದರೆ ಸಭಿಕರು ಕೂಗಾಡುತ್ತಾರೆ. ಕೂಗುವವರ ಕಣ್ಣು ಬಾರ್‌ನ ಮೇಲೆ ಇರುತ್ತದೆ, ರೆಫರಿಯ ಕಣ್ಣು ಲಿಫ್ಟರ್‌ನ ಸೊಂಟದ ಮಡಿಕೆಯ ಮೇಲೆ. ಯಾವ ಕ್ಷಣದಲ್ಲಿ ಎಲ್ಲಿ ನೋಡಬೇಕು ಎಂಬುದನ್ನು ಕಲಿಯುವುದೇ ತೀರ್ಪುಗಾರಿಕೆಯ ಮುಕ್ಕಾಲು ಪಾಲು. ರೆಫರಿ ಆಗಬೇಕೆಂದಿರುವವರಿಗಾಗಿ ಇದನ್ನು ಬರೆದಿದ್ದೇನೆ. ಆದರೆ ಸ್ಪರ್ಧಿಗಳು, ಕೋಚ್‌ಗಳು ಓದಿದರೆ ಅವರಿಗೆ ಇನ್ನೂ ಹೆಚ್ಚಿನ ಉಪಯೋಗ. ಶಕ್ತಿಯಿದ್ದೂ ನಿಯಮ ತಿಳಿಯದೆ ಲಿಫ್ಟ್ ಕಳೆದುಕೊಳ್ಳುವುದು ನೋಡಲು ಬಹಳ ಸಂಕಟದ ಸಂಗತಿ.

ಇಲ್ಲಿ ಹೇಳುವುದೆಲ್ಲ ಐಪಿಎಫ್, ಅಂದರೆ 1972ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್‌ನ ನಿಯಮಗಳು. ಭಾರತದಲ್ಲಿ ಅದಕ್ಕೆ ಸೇರಿದ ಸಂಸ್ಥೆ ಪವರ್‌ಲಿಫ್ಟಿಂಗ್ ಇಂಡಿಯಾ. ಜಗತ್ತಿನಲ್ಲಿ ಬೇರೆ ಫೆಡರೇಷನ್‌ಗಳೂ ಇವೆ, ಅವುಗಳ ಉಡುಪು, ತೂಕದ ಸಮಯ, ಬಾರ್ ಇಡುವ ರ‍್ಯಾಕ್ ಎಲ್ಲವೂ ಬೇರೆ. ಯೂಟ್ಯೂಬ್‌ನಲ್ಲಿ ಕಂಡದ್ದನ್ನು ಇಲ್ಲಿಗೆ ತರಬೇಡಿ. ಪ್ಯಾರಾ ಪವರ್‌ಲಿಫ್ಟಿಂಗ್ ಕೂಡ ಪ್ರತ್ಯೇಕ ಆಟ: ಅಲ್ಲಿ ಬೆಂಚ್ ಪ್ರೆಸ್ ಮಾತ್ರ, ಆಡಳಿತವೂ ನಿಯಮಪುಸ್ತಕವೂ ಬೇರೆ. 2008ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ ಆ ಆಟದವರು.

ಪರವಾನಗಿಯ ದಾರಿ

ಅಂತರರಾಷ್ಟ್ರೀಯ ರೆಫರಿಗಳಲ್ಲಿ ಎರಡು ದರ್ಜೆ: ಕೆಟಗರಿ 2, ಅದರ ಮೇಲೆ ಕೆಟಗರಿ 1. ನೇರವಾಗಿ ಅಲ್ಲಿಗೆ ಹೋಗಲಾಗದು. ಮೊದಲು ರಾಷ್ಟ್ರೀಯ ರೆಫರಿ ಆಗಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿರಬೇಕು, ನಿಮ್ಮ ದೇಶದ ಸಂಸ್ಥೆ ಹೆಸರು ಶಿಫಾರಸು ಮಾಡಬೇಕು. ಆಮೇಲೆ ಲಿಖಿತ ಪರೀಕ್ಷೆ, ಜೊತೆಗೆ ನಿಜವಾದ ಸ್ಪರ್ಧೆಯೊಂದರಲ್ಲಿ ಪರೀಕ್ಷಕರ ಎದುರು ಪ್ರಾಯೋಗಿಕ ಪರೀಕ್ಷೆ.

ಪುಸ್ತಕ ಹಿಡಿಯುವ ಮೊದಲು ಒಂದೆರಡು ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿ ಲೋಡರ್ ಆಗಿ ಪ್ಲೇಟ್ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಸ್ಪರ್ಧೆಯ ಲಯ ಗೊತ್ತಾಗುತ್ತದೆ. ಲಿಫ್ಟರ್ ಉಸಿರು ಕಟ್ಟುವುದು, ಬಾರ್ ಬಾಗುವುದು, ಮಂಡಿ ನಡುಗುವುದು ಎಲ್ಲ ಎರಡಡಿ ದೂರದಲ್ಲಿ ಕಾಣುತ್ತದೆ. ಕರಾವಳಿಯಲ್ಲಿ, ಅದರಲ್ಲೂ ಮಂಗಳೂರು, ಕುಂದಾಪುರದ ಕಡೆ, ವ್ಯಾಯಾಮಶಾಲೆಗಳಲ್ಲಿ ಈ ಆಟ ಬಹುಕಾಲದಿಂದ ಬೇರೂರಿದೆ. ಅಂಥ ಕಡೆ ಇರುವವರಿಗೆ ಈ ಅಭ್ಯಾಸ ಕಷ್ಟವಲ್ಲ.

ತೂಕದ ಕೋಣೆ ಮತ್ತು ಉಡುಪು ತಪಾಸಣೆ

ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು ತೂಕ ನೋಡುವುದು ಆರಂಭ. ಅದು ಒಂದೂವರೆ ಗಂಟೆ ನಡೆಯುತ್ತದೆ. ಸರದಿ ನಿರ್ಧಾರವಾಗುವುದು ಚೀಟಿ ಎತ್ತಿ ಬಂದ ಲಾಟ್ ಸಂಖ್ಯೆಯಿಂದ. ತೂಕ ನೋಡುವ ಅಧಿಕಾರಿಗಳು ಸ್ಪರ್ಧಿಯದೇ ಲಿಂಗದವರಾಗಿರಬೇಕು. ಸ್ಪರ್ಧಿ ತನ್ನ ವರ್ಗದ ಮಿತಿಗಿಂತ ಹೆಚ್ಚಿದ್ದರೆ ಆ ಒಂದೂವರೆ ಗಂಟೆಯೊಳಗೆ ಮತ್ತೆ ಬರಬಹುದು. ಗಂಟೆ ಮುಗಿದ ಮೇಲೆ ಬಂದರೆ ನೀವೇನೂ ಮಾಡುವಂತಿಲ್ಲ, ಮಾಡಲೂಬಾರದು. ಪುರುಷರ ವರ್ಗಗಳು 59, 66, 74, 83, 93, 105, 120 ಮತ್ತು 120 ಕಿಲೋ ಮೇಲ್ಪಟ್ಟು. ಮಹಿಳೆಯರಿಗೆ 47, 52, 57, 63, 69, 76, 84 ಮತ್ತು 84 ಮೇಲ್ಪಟ್ಟು. ಕಿರಿಯರಿಗೆ ಮಾತ್ರ ಹುಡುಗರಲ್ಲಿ 53, ಹುಡುಗಿಯರಲ್ಲಿ 43 ಇದೆ.

ತೂಕವಾದ ತಕ್ಷಣ ಮೂರೂ ಲಿಫ್ಟ್‌ಗಳ ಮೊದಲ ಅಟೆಂಪ್ಟ್‌ನ (ಪ್ರಯತ್ನದ) ಭಾರ, ಸ್ಕ್ವಾಟ್ ಮತ್ತು ಬೆಂಚ್‌ನ ರ‍್ಯಾಕ್ ಎತ್ತರ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ರ‍್ಯಾಕ್ ಎತ್ತರ ತಪ್ಪಾಗಿ ಬರೆದರೆ ಅದರ ಫಲ ಪ್ಲಾಟ್‌ಫಾರ್ಮ್ ಮೇಲೆ, ಎಲ್ಲರೂ ಕಾಯುತ್ತಿರುವಾಗ ಗೊತ್ತಾಗುತ್ತದೆ.

ಉಡುಪಿನಲ್ಲಿ ಅಳತೆಟೇಪು ಹಿಡಿದು ನೋಡಬೇಕಾದವು ಇಷ್ಟು: ಬೆಲ್ಟ್ ಅಗಲ 10 ಸೆಂ.ಮೀ., ದಪ್ಪ 13 ಮಿ.ಮೀ. ಮೀರಬಾರದು. ಮಂಡಿಗೆ ತೊಡುವ ನೀ ಸ್ಲೀವ್ ಉದ್ದ 30 ಸೆಂ.ಮೀ., ದಪ್ಪ 7 ಮಿ.ಮೀ. ಒಳಗಿರಬೇಕು. ಮಣಿಕಟ್ಟಿಗೆ ಸುತ್ತುವ ರಿಸ್ಟ್ ರ‍್ಯಾಪ್ ಉದ್ದ 1 ಮೀಟರ್, ಅಗಲ 8 ಸೆಂ.ಮೀ. ಮಂಡಿಗೆ ಸುತ್ತುವ 2 ಮೀಟರ್ ರ‍್ಯಾಪ್ ಎಕ್ವಿಪ್ಡ್ (ಎತ್ತಲು ನೆರವಾಗುವ ಬಿಗಿ ಉಡುಪು ತೊಡುವ) ವಿಭಾಗಕ್ಕೆ ಮಾತ್ರ, ಅಂಥ ಉಡುಪಿಲ್ಲದ ಕ್ಲಾಸಿಕ್‌ನಲ್ಲಿ ಇಲ್ಲ. ಸ್ಕ್ವಾಟ್ ಮತ್ತು ಬೆಂಚ್‌ಗೆ ಸಿಂಗ್ಲೆಟ್ (ಮೈಗಂಟುವ ಒಂದೇ ತುಂಡಿನ ಸ್ಪರ್ಧಾ ಉಡುಪು) ಒಳಗೆ ಟೀಶರ್ಟ್ ಕಡ್ಡಾಯ. ಡೆಡ್‌ಲಿಫ್ಟ್‌ಗೆ ಮಂಡಿಯ ಕೆಳಗಿನ ಕಾಲು ಮುಚ್ಚುವ ಉದ್ದ ಸಾಕ್ಸ್ ಕಡ್ಡಾಯ. ಎಣ್ಣೆ, ಗ್ರೀಸ್ ಯಾವುದೂ ಮೈಮೇಲಾಗಲಿ ಬಟ್ಟೆಯ ಮೇಲಾಗಲಿ ಇರಕೂಡದು. ಚಾಕ್, ಪೌಡರ್ ಇರಬಹುದು. ಮೊದಲ ಸಲ ಬಂದ ಹುಡುಗರ ಹತ್ತಿರ ಒಪ್ಪದ ಸ್ಲೀವ್ ಸಿಕ್ಕರೆ ಗದರಬೇಡಿ. ಕಾರಣ ಹೇಳಿ, ಬೇರೆಯದನ್ನು ತರಲು ಸಮಯ ಇರುವಾಗಲೇ ಹೇಳಿ.

ಪ್ಲಾಟ್‌ಫಾರ್ಮ್ ಮತ್ತು ಬಾರ್

ಪ್ಲಾಟ್‌ಫಾರ್ಮ್ ಕನಿಷ್ಠ 2.5 ಮೀಟರ್ ಚೌಕ, ಗರಿಷ್ಠ 4 ಮೀಟರ್ ಚೌಕ. ಬಾರ್ 20 ಕಿಲೋ, ಪ್ಲೇಟ್ ಬಿಗಿಹಿಡಿಯುವ ಎರಡು ಕಾಲರ್ ತಲಾ 2.5 ಕಿಲೋ, ಒಟ್ಟು 25. ಈ ಸಂಖ್ಯೆ ತಲೆಯಲ್ಲಿ ಕೂತಿದ್ದರೆ ಲೋಡ್ ಸರಿಯಿದೆಯೇ ಎಂದು ಕ್ಷಣದಲ್ಲಿ ಲೆಕ್ಕ ಹಾಕಬಹುದು. 200 ಕಿಲೋ ಬೇಕಿದ್ದರೆ 25 ಕಳೆದು ಅರ್ಧ ಮಾಡಿ: ಒಂದು ಬದಿಗೆ 87.5. ಅಂದರೆ ಮೂರು ಕೆಂಪು ಪ್ಲೇಟ್ (25ರದು), ಒಂದು ಹಸಿರು (10ರದು), ಒಂದು ಎರಡೂವರೆ. 20ರದು ನೀಲಿ, 15ರದು ಹಳದಿ. ಭಾರದ ಪ್ಲೇಟ್ ಒಳಗಡೆ, ಹಗುರಾದವು ಕ್ರಮವಾಗಿ ಹೊರಗಡೆ. ಪ್ರತಿ ಲೋಡ್‌ಗೂ ಈ ಲೆಕ್ಕ ಮನಸ್ಸಿನಲ್ಲಿ ಮಾಡಿ. ಲೋಡ್ ಸರಿಯಿದೆ ಎಂಬ ಜವಾಬ್ದಾರಿ ರೆಫರಿಗಳದ್ದು, ಲೋಡರ್ ಹುಡುಗರ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ.

ಆದರೂ ತಪ್ಪು ಲೋಡ್ ಆಗುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಭಾರವಿದ್ದು ಲಿಫ್ಟ್ ಹೋದರೆ ಅದೇ ಭಾರಕ್ಕೆ, ಅಂದರೆ ಕೇಳಿದ ಭಾರಕ್ಕೆ, ಇನ್ನೊಂದು ಅವಕಾಶ. ಕಡಿಮೆ ಭಾರವಿದ್ದು ಲಿಫ್ಟ್ ಆದರೆ ಸ್ಪರ್ಧಿ ಅದನ್ನೇ ಒಪ್ಪಿಕೊಳ್ಳಬಹುದು, ಇಲ್ಲವೇ ಕೇಳಿದ ಭಾರವನ್ನು ಮತ್ತೆ ಎತ್ತಬಹುದು. ಆಯ್ಕೆ ಅವರದು.

ಗಡಿಯಾರ ಮತ್ತು ಅಟೆಂಪ್ಟ್‌ಗಳು

ಮೂರು ಸುತ್ತು, ಪ್ರತಿ ಸುತ್ತಿನಲ್ಲೂ ಕಡಿಮೆ ಭಾರದಿಂದ ಹೆಚ್ಚು ಭಾರಕ್ಕೆ. ಇಬ್ಬರದೂ ಒಂದೇ ಭಾರವಾದರೆ ಲಾಟ್ ಸಂಖ್ಯೆ ಚಿಕ್ಕದಿರುವವರು ಮೊದಲು. ಬಾರ್ ಸಿದ್ಧ ಎಂದು ಕೂಗಿದ ಮೇಲೆ ಲಿಫ್ಟ್ ಶುರುಮಾಡಲು ಒಂದು ನಿಮಿಷ. ಶುರು ಎಂದರೆ ಯಾವಾಗ? ಸ್ಕ್ವಾಟ್ ಮತ್ತು ಬೆಂಚ್‌ನಲ್ಲಿ ಚೀಫ್ ರೆಫರಿಯ ಆರಂಭದ ಸನ್ನೆ ಬಂದಾಗ. ಡೆಡ್‌ಲಿಫ್ಟ್‌ನಲ್ಲಿ ಎತ್ತುವ ನಿಜವಾದ ಪ್ರಯತ್ನ ಕಂಡಾಗ.

ಲಿಫ್ಟ್ ಮುಗಿದ ಒಂದು ನಿಮಿಷದೊಳಗೆ ಮುಂದಿನ ಭಾರ ಹೇಳಬೇಕು. ಹೇಳದೇ ಹೋದರೆ, ಆದ ಲಿಫ್ಟ್‌ಗೆ ತಾನಾಗಿಯೇ 2.5 ಕಿಲೋ ಸೇರುತ್ತದೆ. ಹೋದ ಲಿಫ್ಟ್‌ಗೆ ಅದೇ ಭಾರ ಉಳಿಯುತ್ತದೆ. ಕೋಚ್‌ಗಳೇ, ಈ ಒಂದು ನಿಮಿಷದಲ್ಲಿ ಶಿಷ್ಯನ ಬೆನ್ನು ತಟ್ಟುವುದಕ್ಕಿಂತ ಮೊದಲು ಚೀಟಿ ಕೊಟ್ಟು ಬನ್ನಿ. ಭಾರ 2.5ರ ಗುಣಕದಲ್ಲೇ ಇರಬೇಕು. ದಾಖಲೆಯ ಪ್ರಯತ್ನಕ್ಕೆ ಮಾತ್ರ ಅರ್ಧ ಕಿಲೋ ಹೆಚ್ಚಿಗೆಯ ಅವಕಾಶ ಉಂಟು. ಸ್ಕ್ವಾಟ್‌ನಲ್ಲಿ ಎರಡನೆಯ, ಮೂರನೆಯ ಅಟೆಂಪ್ಟ್ ಒಮ್ಮೆ ಕೊಟ್ಟರೆ ಬದಲಿಲ್ಲ. ಡೆಡ್‌ಲಿಫ್ಟ್‌ನ ಮೂರನೆಯ ಸುತ್ತಿನಲ್ಲಿ ಮಾತ್ರ ಎರಡು ಬದಲಾವಣೆ ಮಾಡಬಹುದು, ಅದೂ ಆ ಭಾರಕ್ಕೆ ನಿಮ್ಮ ಹೆಸರು ಕೂಗಿರದಿದ್ದರೆ. ಪದಕದ ಚದುರಂಗ ನಡೆಯುವುದೆಲ್ಲ ಅಲ್ಲೇ. ಮೂರೂ ಲಿಫ್ಟ್‌ಗಳ ಅತ್ಯುತ್ತಮ ಅಟೆಂಪ್ಟ್ ಕೂಡಿದ ಒಟ್ಟು ಭಾರದಲ್ಲಿ ಇಬ್ಬರೂ ಸಮವಾದರೆ ಬಾಡಿವೇಟ್ ಕಡಿಮೆ ಇರುವವರು ಮುಂದೆ.

ಸ್ಕ್ವಾಟ್: ಮೂರು ಕುರ್ಚಿ, ಮೂರು ನೋಟ

ಚೀಫ್ ರೆಫರಿ ಎದುರಿಗೆ, ಇಬ್ಬರು ಸೈಡ್ ರೆಫರಿಗಳು ಅಕ್ಕಪಕ್ಕ. ಮೂವರ ಮತಕ್ಕೂ ಒಂದೇ ಬೆಲೆ, ಎರಡು ಬಿಳಿ ಬಿದ್ದರೆ ಲಿಫ್ಟ್ ಆಯಿತು. ಕೂತ ಜಾಗ ಬೇರೆಯಾದ್ದರಿಂದ ಕಾಣುವುದೂ ಬೇರೆ. ಆಳ ಚೆನ್ನಾಗಿ ಕಾಣುವುದು ಬದಿಯವರಿಗೆ.

ಹಂತ ಹಂತವಾಗಿ ನೋಡೋಣ. ಲಿಫ್ಟರ್ ಬಾರ್ ತೆಗೆದು ಹಿಂದೆ ಸರಿದು ನಿಂತರು. ಈಗ ನೋಡಬೇಕಾದ್ದು: ಮಂಡಿ ಲಾಕ್ ಆಗಿದೆಯೇ (ಪೂರ್ತಿ ನೆಟ್ಟಗಾಗಿದೆಯೇ), ಮೈ ನೆಟ್ಟಗಿದೆಯೇ, ಅಲುಗಾಟ ನಿಂತಿದೆಯೇ. ನೀವು ಸೈಡ್ ರೆಫರಿಯಾಗಿದ್ದು ಮಂಡಿ ಬಾಗಿರುವುದು ಕಂಡರೆ ಕೈ ಎತ್ತಿ. ಇಬ್ಬರು ಒಪ್ಪದಿದ್ದರೆ ಚೀಫ್ ಆರಂಭದ ಸನ್ನೆ ಕೊಡುವುದಿಲ್ಲ. ಐದು ಸೆಕೆಂಡ್ ಕಳೆದರೂ ನಿಲುವು ಸರಿಯಾಗದಿದ್ದರೆ ಚೀಫ್ "ರಿಪ್ಲೇಸ್" (ಬಾರ್ ವಾಪಸ್ ಇಡಿ) ಎನ್ನುತ್ತಾರೆ, ಯಾಕೆಂದು ಹೇಳುತ್ತಾರೆ. ನಿಲುವು ಸರಿಯಿದ್ದರೆ ಕೈಯನ್ನು ಕೆಳಕ್ಕೆ ಬೀಸಿ, ಗಟ್ಟಿಯಾಗಿ "ಸ್ಕ್ವಾಟ್" ಎನ್ನಬೇಕು. ಗಟ್ಟಿಯಾಗಿ ಎಂಬುದನ್ನು ಒತ್ತಿ ಹೇಳುತ್ತೇನೆ. ಹೆಗಲ ಮೇಲೆ ಮುನ್ನೂರು ಕಿಲೋ ಇರುವವರ ಕಿವಿಗೆ ಸಭೆಯ ಗದ್ದಲದ ನಡುವೆ ಅದು ಮುಟ್ಟಬೇಕು.

ಇಳಿಯುವಾಗ ಬೇರೆಲ್ಲ ಮರೆತು ಎರಡು ಬಿಂದು ಹಿಡಿಯಿರಿ: ತೊಡೆ ಸೊಂಟಕ್ಕೆ ಸೇರುವ ಕಡೆ ಅದರ ಮೇಲ್ಭಾಗ, ಮತ್ತು ಮಂಡಿಯ ಮೇಲ್ತುದಿ. ಮೊದಲನೆಯದು ಎರಡನೆಯದಕ್ಕಿಂತ ಕೆಳಗೆ ಇಳಿಯಬೇಕು. ಸಮವಾದರೆ ಸಾಲದು. ತೊಡೆಯ ಕೆಳಗಿನ ಮಾಂಸವನ್ನು ನೋಡಿದರೆ, ಅಥವಾ ಪೃಷ್ಠ ಎಷ್ಟು ಇಳಿಯಿತೆಂದು ನೋಡಿದರೆ, ದಪ್ಪಗಿರುವವರ ವಿಷಯದಲ್ಲಿ ಖಂಡಿತ ಮೋಸಹೋಗುತ್ತೀರಿ. ನಿಮ್ಮ ಕಣ್ಣು ಸಹ ಮಂಡಿಯ ಎತ್ತರದ ಹತ್ತಿರವಿದ್ದಷ್ಟು ಒಳ್ಳೆಯದು, ಕುರ್ಚಿಯಲ್ಲಿ ತುಸು ಬಾಗಿ ಕೂರುವುದು ಅದಕ್ಕೇ. ಭಾರ ಬೀಳದಂತೆ ಕಾಯುವ ಸ್ಪಾಟರ್ ಅಡ್ಡ ಬರುತ್ತಿದ್ದರೆ ಮುಂದಿನ ಲಿಫ್ಟ್‌ಗೆ ಮುನ್ನ ಸರಿಯಲು ಹೇಳಿ.

ಅತಿ ಕೆಳಗಿನ ಸ್ಥಿತಿ ಕಣ್ಣು ಮಿಟುಕಿಸುವಷ್ಟು ಹೊತ್ತು. ತೀರ್ಮಾನ ಆಗಲೇ ಆಗಬೇಕು, ಆಗಿದ್ದು ಆಮೇಲೆ ಬದಲಾಗಬಾರದು. ಹೊಸ ರೆಫರಿಗಳು ಎಡವುವುದು ಇಲ್ಲಿ: ಆಳ ಸಾಲಲಿಲ್ಲ ಎಂದು ಕಂಡಿರುತ್ತದೆ, ಆದರೆ ಲಿಫ್ಟರ್ ಎಂಟು ಸೆಕೆಂಡ್ ಹೋರಾಡಿ ಎದ್ದಾಗ ಮನಸ್ಸು ಕರಗಿ ಬಿಳಿ ಗುಂಡಿ ಒತ್ತುತ್ತಾರೆ. ಆಳಕ್ಕೂ ಹೋರಾಟಕ್ಕೂ ಸಂಬಂಧವಿಲ್ಲ. ಪಕ್ಕದ ಸ್ಪರ್ಧಿ ಸರಿಯಾಗಿ ಕೂತು, ಆ ಕಾರಣಕ್ಕೇ ಐದು ಕಿಲೋ ಕಡಿಮೆ ಎತ್ತಿದ್ದಾರೆ ಎಂಬುದನ್ನು ನೆನೆಯಿರಿ. ನಿಜವಾಗಿಯೂ ಸಂದೇಹವಿದ್ದರೆ ಮಾತ್ರ ಅದರ ಲಾಭ ಲಿಫ್ಟರ್‌ಗೆ ಹೋಗಲಿ.

ಏಳುವಾಗ ಪಾದ ನೋಡಿ. ಹಿಮ್ಮಡಿಯಿಂದ ಮುಂಪಾದಕ್ಕೆ ಓಲಾಡಬಹುದು, ಹೆಜ್ಜೆ ಇಡಬಾರದು. ತಳದಲ್ಲಿ ಎರಡು ಸಲ ಪುಟಿದರೆ, ಏಳುತ್ತ ಮತ್ತೆ ಕೆಳಕ್ಕೆ ಜಾರಿದರೆ, ಮೊಣಕೈಯನ್ನು ತೊಡೆಗೆ ಊರಿ ಸಹಾಯ ಪಡೆದರೆ ಲಿಫ್ಟ್ ಹೋಯಿತು; ಸುಮ್ಮನೆ ತಗುಲಿದರೆ ತೊಂದರೆಯಿಲ್ಲ. ಕೊನೆಗೆ ಮಂಡಿ ಲಾಕ್ ಆಗಿ ನಿಂತ ಮೇಲೆ ಚೀಫ್ ಕೈಯನ್ನು ಹಿಂದಕ್ಕೆ ಬೀಸಿ "ರ‍್ಯಾಕ್" ಎನ್ನುತ್ತಾರೆ. ಅದಕ್ಕೂ ಮುನ್ನ ಸ್ಟ್ಯಾಂಡ್ ಕಡೆ ಕಾಲಿಟ್ಟರೆ ಎಷ್ಟೇ ಚಂದದ ಸ್ಕ್ವಾಟ್ ಆದರೂ ಕೆಂಪು.

ಬೆಂಚ್ ಪ್ರೆಸ್: ಮೊಣಕೈಯ ಹೊಸ ನಿಯಮ

ತಲೆ, ಭುಜ, ಪೃಷ್ಠ ಬೆಂಚಿಗೆ ಅಂಟಿರಬೇಕು, ಪಾದ ನೆಲಕ್ಕೆ ಚಪ್ಪಟೆಯಾಗಿ ಕೂತಿರಬೇಕು. ಗಿಡ್ಡಗಿರುವವರ ಪಾದದಡಿ ಬ್ಲಾಕ್ ಇಡಬಹುದು, 30 ಸೆಂ.ಮೀ.ವರೆಗೆ. ಹೆಬ್ಬೆರಳು ಬಾರ್ ಸುತ್ತಲೇ ಇರಬೇಕು. ತೋರುಬೆರಳುಗಳ ನಡುವೆ 81 ಸೆಂ.ಮೀ.ಗಿಂತ ಹೆಚ್ಚು ಅಂತರ ಕೂಡದು, ಅದಕ್ಕಾಗಿ ಬಾರ್ ಮೇಲೆ ಗುರುತು ಇದೆ. ಅಂಗೈ ತನ್ನ ಕಡೆಗೆ ತಿರುಗುವ ತಿರುವು ಹಿಡಿತಕ್ಕೆ ಅವಕಾಶವಿಲ್ಲ.

ಇಲ್ಲಿ ಮೂರು ಆಜ್ಞೆ. ಕೈ ಚಾಚಿ ಮೊಣಕೈ ಲಾಕ್ ಆಗಿ ಬಾರ್ ನಿಂತಾಗ "ಸ್ಟಾರ್ಟ್". ಎದೆಯ ಮೇಲೆ ಬಾರ್ ನಿಶ್ಚಲವಾದಾಗ "ಪ್ರೆಸ್". ಮೇಲೆ ಮತ್ತೆ ಲಾಕ್ ಆಗಿ ನಿಂತಾಗ "ರ‍್ಯಾಕ್". "ಪ್ರೆಸ್" ಹೇಳುವುದರಲ್ಲಿ ಚೀಫ್ ರೆಫರಿಯ ನಿಜವಾದ ಗುಣ ಕಾಣುತ್ತದೆ. ಬಾರ್ ನಿಂತ ಕೂಡಲೇ ಹೇಳಬೇಕು, ಎಲ್ಲರಿಗೂ ಒಂದೇ ಅಳತೆಯಲ್ಲಿ ಹೇಳಬೇಕು. ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ಒಂದು ಸೆಕೆಂಡ್ ತಡ ಎಂದಾದರೆ ಅದು ಅನ್ಯಾಯ. ಆಜ್ಞೆಗೆ ಮುಂಚೆ ತಳ್ಳಿದರೂ ಲಿಫ್ಟ್ ಹೋಯಿತು, ಬಾರ್ ನಿಂತ ಮೇಲೆ ಎದೆಯೊಳಕ್ಕೆ ಒತ್ತಿ ಪುಟಿಸಿದರೂ ಹೋಯಿತು.

2023ರ ಜನವರಿ 1ರಿಂದ ಸೇರಿದ ನಿಯಮವೊಂದು ಈ ಲಿಫ್ಟ್‌ನ ರೂಪವನ್ನೇ ಬದಲಿಸಿತು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಅಗಲವಾಗಿ ಹಿಡಿದು, ಬಾರ್ ಬೆರಳೆಣಿಕೆಯ ಅಂಗುಲ ಮಾತ್ರ ಚಲಿಸುವಂತೆ ಮಾಡುವವರಿದ್ದರು. ಈಗ ಬಾರ್ ಎದೆಗೆ ಮುಟ್ಟಿದಾಗ ಎರಡೂ ಮೊಣಕೈಗಳ ಕೆಳಭಾಗ ಆಯಾ ಭುಜದ ಕೀಲಿನ ಮೇಲ್ಭಾಗಕ್ಕೆ ಸಮವಾಗಿ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಬೆನ್ನು ಬಗ್ಗಿಸುವುದು ಇಂದಿಗೂ ತಪ್ಪಲ್ಲ, ಅದು ಪರಿಶ್ರಮದಿಂದ ಬಂದ ಕೌಶಲ. ಸೈಡ್ ರೆಫರಿಗೆ ಹೊಸ ಕೆಲಸ ಸೇರಿದೆ, ಅಷ್ಟೆ. ಬಾರ್ ಎದೆ ಮುಟ್ಟುವ ಗಳಿಗೆಯಲ್ಲಿ ಮೊಣಕೈ ಮತ್ತು ಭುಜ, ತಳ್ಳುವ ಗಳಿಗೆಯಲ್ಲಿ ಪೃಷ್ಠ ಮತ್ತು ಪಾದ, ಹೀಗೆ ಕಣ್ಣು ಸರಿಯಬೇಕು. ನಿಮ್ಮ ಬದಿಯ ಮೊಣಕೈಯೇ ನಿಮ್ಮ ಹೊಣೆ, ಆಚೆ ಬದಿಯದನ್ನು ಆಚೆಯವರು ನೋಡುತ್ತಾರೆ.

ಬಾರ್ ಒಂದು ಕಡೆ ಮೊದಲು, ಇನ್ನೊಂದು ಕಡೆ ನಿಧಾನವಾಗಿ ಏರಿದರೆ ತಪ್ಪಲ್ಲ. ಇಡೀ ಬಾರ್ ಕೆಳಕ್ಕೆ ಬಂದರೆ ತಪ್ಪು. ಬಾರ್ ಬೆಲ್ಟ್‌ಗೆ ತಗಲಬಾರದು. ಹುಟ್ಟಿನಿಂದಲೋ ಗಾಯದಿಂದಲೋ ಮೊಣಕೈ ಪೂರ್ತಿ ನೆಟ್ಟಗಾಗದವರು ಅದನ್ನು ಲಿಫ್ಟ್‌ಗೆ ಮುನ್ನವೇ ರೆಫರಿಗಳಿಗೆ ತೋರಿಸಿ ತಿಳಿಸಿರಬೇಕು.

ಡೆಡ್‌ಲಿಫ್ಟ್

ಆರಂಭದ ಆಜ್ಞೆ ಇಲ್ಲ. ಕೊನೆಯಲ್ಲಿ ಒಂದೇ ಒಂದು: ಕೈ ಕೆಳಕ್ಕೆ ಬೀಸಿ "ಡೌನ್". ಮಂಡಿ ಲಾಕ್, ಭುಜ ಹಿಂದಕ್ಕೆ, ಬಾರ್ ನಿಶ್ಚಲ, ಈ ಮೂರೂ ಆದಮೇಲೆ.

ಕಣ್ಣಿಡಬೇಕಾದ್ದು ತೊಡೆಯ ಮೇಲೆ. ಬಾರ್ ತೊಡೆಗೆ ಉಜ್ಜಿಕೊಂಡು ಏರುವುದು ಸಹಜ. ಅದನ್ನು ತೊಡೆಯ ಮೇಲೆ ಕೂರಿಸಿ, ಮಂಡಿ ಮತ್ತೆ ಬಗ್ಗಿಸಿ, ಕುಲುಕಿ ಕುಲುಕಿ ಏರಿಸಿದರೆ ಕೆಟ್ಟಿತು. ಏರುತ್ತಿದ್ದ ಬಾರ್ ಕೊನೆಯ ನಿಲುವಿಗೆ ಬರುವ ಮುನ್ನ ಕೆಳಕ್ಕೆ ಜಾರಿದರೂ ಹಾಗೆಯೇ. ಆದರೆ ಭುಜ ಹಿಂದಕ್ಕೆ ಸರಿಯುವಾಗ ಬಾರ್ ತುಸು ಇಳಿದು ಕೂರುವುದಕ್ಕೆ ಕೆಂಪು ಕೊಡಬೇಡಿ, ನಿಯಮವೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಇಳಿಸುವಾಗ ಎರಡೂ ಕೈ ಬಾರ್ ಮೇಲೇ ಇರಬೇಕು. ಗೆದ್ದ ಸಂಭ್ರಮದಲ್ಲಿ ಮೇಲಿನಿಂದಲೇ ಕೈಬಿಟ್ಟವರು ಗೆದ್ದದ್ದನ್ನು ಕಳೆದುಕೊಂಡದ್ದು ಎಷ್ಟೋ ಸಲ.

ದೀಪ, ಕಾರ್ಡ್, ಜ್ಯೂರಿ

ಕೆಂಪು ದೀಪ ಕೊಟ್ಟರೆ ಕಾರಣದ ಕಾರ್ಡ್ ಕೂಡ ತೋರಿಸಬೇಕು. ಸ್ಕ್ವಾಟ್‌ನಲ್ಲಿ ಕೆಂಪು ಕಾರ್ಡ್ ಎಂದರೆ ಆಳ ಸಾಲಲಿಲ್ಲ, ನೀಲಿ ಎಂದರೆ ಶುರುವಿನಲ್ಲೋ ಕೊನೆಯಲ್ಲೋ ಮಂಡಿ ಲಾಕ್ ಆಗಲಿಲ್ಲ, ಹಳದಿಯಲ್ಲಿ ಹೆಜ್ಜೆ, ಆಜ್ಞೆ ಮೀರಿದ್ದು ಮುಂತಾದ ಉಳಿದವು. ಬೆಂಚ್‌ನಲ್ಲಿ ಕೆಂಪು ಕಾರ್ಡ್ ಬಾರ್ ಎದೆಗೆ ಮುಟ್ಟದ್ದಕ್ಕೆ ಅಥವಾ ಮೊಣಕೈ ಇಳಿಯದ್ದಕ್ಕೆ. ಡೆಡ್‌ಲಿಫ್ಟ್‌ನಲ್ಲಿ ಕೆಂಪು ಲಾಕ್ ಆಗದ್ದಕ್ಕೆ, ನೀಲಿ ಜಾರಿದ್ದಕ್ಕೆ ಅಥವಾ ತೊಡೆಗೆ ಊರಿದ್ದಕ್ಕೆ. ಕೋಚ್ ಆದವರು ದೀಪ ನೋಡಿ ತಲೆ ಚಚ್ಚಿಕೊಳ್ಳದೆ ಕಾರ್ಡ್ ನೋಡಬೇಕು; ಮುಂದಿನ ಅಟೆಂಪ್ಟ್‌ಗೆ ಏನು ಹೇಳಿಕೊಡಬೇಕೆಂಬುದು ಅದರಲ್ಲಿದೆ.

ಕುರ್ಚಿಯಲ್ಲಿರುವಾಗ ಸ್ಪರ್ಧೆಯ ಸ್ಥಿತಿಗತಿ ಬಗ್ಗೆ ಯಾವ ಕಾಗದವನ್ನೂ ನೋಡಬಾರದು, ಯಾರು ಮುಂದಿದ್ದಾರೆಂದು ಕೇಳಬಾರದು, ಟೀಕೆ ಟಿಪ್ಪಣಿ ಮಾಡಬಾರದು. ಇನ್ನೊಬ್ಬ ರೆಫರಿಯ ತೀರ್ಮಾನದ ಮೇಲೆ ಪ್ರಭಾವ ಬೀರಲು ಹೋಗಬಾರದು. ನಿಮ್ಮೊಬ್ಬರದೇ ಕೆಂಪು, ಉಳಿದಿಬ್ಬರದು ಬಿಳಿ ಎಂದು ಪದೇ ಪದೇ ಆದರೆ ಅಳುಕಬೇಡಿ, ನಿಮ್ಮ ಕೋನದಿಂದ ಕಂಡದ್ದನ್ನು ಹೇಳಲೆಂದೇ ಅಲ್ಲಿ ಕೂರಿಸಿದ್ದಾರೆ. ಬಿಡುವಿನಲ್ಲಿ ಹಿರಿಯರನ್ನು ಕೇಳಿ ತಿದ್ದಿಕೊಳ್ಳಬಹುದು.

ರೆಫರಿಗಳ ಮೇಲೆ ಜ್ಯೂರಿ ಇರುತ್ತದೆ. ಅದು ಪ್ರತಿ ಲಿಫ್ಟ್‌ಗೂ ತಾನೇ ತೀರ್ಪು ಕೊಡುವುದಿಲ್ಲ. ನಿಯಮಕ್ಕೆ ವಿರುದ್ಧವಾದ ಎದ್ದುಕಾಣುವ ತಪ್ಪಾದಾಗ ಮಾತ್ರ ಕೈಹಾಕುತ್ತದೆ. ತಪ್ಪು ಪದೇ ಪದೇ ಮಾಡುವ ರೆಫರಿಯನ್ನು ಎಚ್ಚರಿಸಿ ಬದಲಿಸುವ ಅಧಿಕಾರವೂ ಅದಕ್ಕಿದೆ. ಸ್ಪಾಟರ್ ಅಥವಾ ಲೋಡರ್‌ನಿಂದ ಲಿಫ್ಟ್ ಕೆಟ್ಟರೆ ಇನ್ನೊಂದು ಅವಕಾಶ ಕೊಡುವುದೂ ಜ್ಯೂರಿಯ ವಿವೇಚನೆಗೆ ಸೇರಿದ್ದು. ದೂರು ಇದ್ದರೆ ಕೋಚ್ ಹೋಗಬೇಕಾದ್ದು ಜ್ಯೂರಿಯ ಮೇಜಿಗೆ. ರೆಫರಿಯ ಕುರ್ಚಿಯ ಹತ್ತಿರ ಬಂದು ವಾದಕ್ಕೆ ನಿಂತರೆ ಮಾತಿಗಿಳಿಯಬೇಡಿ, ಜ್ಯೂರಿಯ ಕಡೆ ಕೈ ತೋರಿಸಿ.

ಒಂದೇ ಲಿಫ್ಟ್‌ನಲ್ಲಿ ಮೂರೂ ಅಟೆಂಪ್ಟ್ ಕಳೆದುಕೊಂಡವರಿಗೆ ಟೋಟಲ್ (ಒಟ್ಟು ಭಾರ) ಇಲ್ಲ. ಆದರೂ ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದರೆ ಉಳಿದ ಲಿಫ್ಟ್‌ಗಳಲ್ಲಿ ಮುಂದುವರಿದು ಅವುಗಳ ಪದಕಕ್ಕೆ ಸ್ಪರ್ಧಿಸಬಹುದು. ಸ್ಕ್ವಾಟ್‌ನಲ್ಲಿ ಹೊರಬಿದ್ದ ಮಕ್ಕಳು ಅಳುತ್ತ ಬ್ಯಾಗ್ ಕಟ್ಟುತ್ತಿದ್ದರೆ ಯಾರಾದರೂ ಇದನ್ನು ಹೇಳಬೇಕು, ಅದು ನೀವೇ ಆದರೂ ತಪ್ಪಿಲ್ಲ.

ಕೊನೆಯ ಡೆಡ್‌ಲಿಫ್ಟ್ ಆದ ಮೇಲೆ ಎದ್ದು ಹೋಗಬೇಡಿ. ಅಂಕಪಟ್ಟಿಗೆ, ದಾಖಲೆಯಾಗಿದ್ದರೆ ಅದರ ಪತ್ರಕ್ಕೆ, ಮೂವರು ರೆಫರಿಗಳ ಸಹಿ ಬೇಕು. ಸಹಿ ಹಾಕುವ ಮುನ್ನ ನೀವು ಕಂಡ ಲಿಫ್ಟ್‌ಗಳ ಫಲಿತಾಂಶ ಪಟ್ಟಿಯಲ್ಲಿ ಸರಿಯಾಗಿ ಇಳಿದಿದೆಯೇ ಎಂದು ಸಾಲು ಸಾಲಾಗಿ ನೋಡಿ.